ಯಗಟಿ ರಸ್ತೆಯಲ್ಲಿ ರಕ್ತದ ಮಿಷನ್

ಆಪಾ ಎಡಗೈ ಚಾಚಿದರೆ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು ಕಾಣುತ್ತಿದ್ದವು. ಎಲ್ಲಾ ಅವರೇ ಚುಚ್ಚಿಕೊಂಡದ್ದು. ಕಡೂರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವರು ಟೆಕ್ನಿಷಿಯನ್, ನಾನು ವ್ಯಾನ್ ಡ್ರೈವರ್. ದಿನಾ ತರೀಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಮನೆಯವರು ಅಕ್ಕನನ್ನು ಕರೆಯುವಂತೆ ನಾನೂ ಆಪಾ ಎನ್ನುತ್ತಿದ್ದೆ. ಫೋನಿನಲ್ಲಿ ದಖನಿ ಉರ್ದು, ನನ್ನನ್ನು ಬೈಯಲು ಮಾತ್ರ ಅಪ್ಪಟ ಕನ್ನಡ.

ಹಳ್ಳಿಗಳಲ್ಲಿ ಕ್ಯಾಂಪ್ ಮಾಡಲೆಂದು ರಕ್ತಕಣ ಎಣಿಸುವ ಸಣ್ಣ ಮಿಷನ್ ಬಂತು. ನಮ್ಮ ರಸ್ತೆಗಳ ಕುಲುಕಾಟವನ್ನು ಅದು ತಡೆಯುತ್ತದೋ ಇಲ್ಲವೋ ನೋಡದೆ ಒಬ್ಬ ರೋಗಿಯ ರಕ್ತವನ್ನೂ ಹಾಕುವುದಿಲ್ಲವೆಂದು ಆಪಾ ಹಟ ಹಿಡಿದರು. ಹೊಸದರಲ್ಲೇ ತಮ್ಮ ರಕ್ತ ಹಾಕಿ ನೋಡಿಕೊಂಡರು. ಆಮೇಲೆ ವಾರಕ್ಕೊಮ್ಮೆ ಮಿಷನ್ನನ್ನು ಪೆಟ್ಟಿಗೆಯಲ್ಲಿಟ್ಟು ಯಗಟಿ, ಚೌಳಹಿರಿಯೂರು ಸುತ್ತಿಸಿ, ವಾಪಸ್ ಬಂದು ಮತ್ತೆ ಬೆರಳು ಚುಚ್ಚಿಕೊಳ್ಳುವುದು.

ನಾನು ನಿಧಾನ ಮಾಡಿದರೆ, "ಗುಂಡಿ ತಪ್ಪಿಸ್ಬೇಡ ಕಣೋ, ಇಳ್ಸು! ಕೆಡೋದಾದ್ರೆ ಈಗ್ಲೇ ಕೆಡ್ಲಿ," ಅನ್ನುತ್ತಿದ್ದರು. ಮಿಷನ್ ಪರೀಕ್ಷಿಸಲೆಂದೇ ಬಾಟಲಿಯಲ್ಲಿ ಸಿಗುವ ರಕ್ತ ತರಿಸಬಾರದೇ ಎಂದು ಕೇಳಿದ್ದಕ್ಕೆ, "ಅದು ಬಿಸಿಲಿಗೆ ಹಾಳಾಗ್ತದೆ. ನಂದು ಹಾಳಾಗಲ್ಲ ಬಿಡು," ಎಂದು ನಕ್ಕಿದ್ದರು.

ಮೊದಮೊದಲು ಎಲ್ಲ ಸರಿಯಿತ್ತು. ಬರಬರುತ್ತಾ ಬಿಳಿ ರಕ್ತಕಣದ ಸಂಖ್ಯೆ ಏರತೊಡಗಿತು. ಒಳಗೇನೋ ಅಲುಗಾಡಿದೆ ಎಂದು ಆಪಾ ಪೆಟ್ಟಿಗೆಗೆ ಸ್ಪಂಜು ತುಂಬಿದರು, ಕೆಳಗೆ ತೆಂಗಿನ ನಾರು ಹಾಸಿದರು. ಸಂಖ್ಯೆ ಇನ್ನೂ ಏರಿತು. ಅವರಿಗೆ ಆಗಾಗ ಜ್ವರ, ಸುಸ್ತು; ವ್ಯಾನಿನ ಓಡಾಟವೇ ಕಾರಣ ಅಂದುಕೊಂಡೆವು.

ಒಂದು ಮಧ್ಯಾಹ್ನ, "ಲೇ, ನಿನ್ ಬೆರಳು ಕೊಡು," ಅಂದರು. ನನ್ನ ರಕ್ತವನ್ನು ಸಣ್ಣ ಮಿಷನ್ನಿಗೂ ಲ್ಯಾಬಿನ ದೊಡ್ಡ ಮಿಷನ್ನಿಗೂ ಹಾಕಿದರು. ಎರಡರಲ್ಲೂ ಇರಬೇಕಾದಷ್ಟೇ ಬಂತು. ತಮ್ಮದನ್ನೂ ಎರಡಕ್ಕೂ ಹಾಕಿದರು. ಎರಡರಲ್ಲೂ ವಿಪರೀತ ಜಾಸ್ತಿ.

"ಮಿಷನ್ ಸರಿಯಾಗೇ ಐತೆ ಕಣಪ್ಪಾ," ಅಂದರು. ಆ ಮಾತಿನ ಅರ್ಥ ನನಗೆ ಅವರ ಮುಖ ನೋಡಿದ ಮೇಲೇ ಆದದ್ದು.

ರಕ್ತದ ಕ್ಯಾನ್ಸರ್. ಶಿವಮೊಗ್ಗದ ಆಸ್ಪತ್ರೆಗೆ ನಾನೇ ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದೆ. ಒಮ್ಮೆ ಬರುವಾಗ ಕಿಟಕಿಗೆ ತಲೆಯಾನಿಸಿ, "ಇಷ್ಟ್ ದಿನ ಮಿಷನ್ ಮೇಲೆ ಅನುಮಾನ ಪಟ್ಟೆ. ನನ್ ಮೇಲೆ ಪಡ್ಬೇಕು ಅಂತ ಹೊಳೀಲೇ ಇಲ್ಲ ನೋಡು," ಅಂದರು. ನಾನು ಗುಂಡಿ ತಪ್ಪಿಸುತ್ತಾ ನಿಧಾನಕ್ಕೆ ಓಡಿಸಿದೆ.

ಆಪಾ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ ಮೊದಲ ಕ್ಯಾಂಪ್ ಯಗಟಿಯಲ್ಲಿ ಆಯಿತು. ಅಲ್ಲಿ ಒಬ್ಬ ಬಸುರಿಗೆ ರಕ್ತ ತೀರಾ ಕಡಿಮೆಯೆಂದು ಮಿಷನ್ ತೋರಿಸಿತು. ಅವಳನ್ನು ತಕ್ಷಣ ಕಡೂರಿಗೆ ತಂದು ಆಸ್ಪತ್ರೆಗೆ ಸೇರಿಸಿ, ಆಪಾಗೆ ಹೇಳಬೇಕೆಂದು ಸೀದಾ ತರೀಕೆರೆಗೆ ಹೋದೆ. ಗಡಿಬಿಡಿಯಲ್ಲಿ ಫೋನ್ ನೋಡಿರಲಿಲ್ಲ.

ಓಣಿಯ ತುಂಬಾ ಜನ. ಆಪಾರನ್ನು ಮಲಗಿಸಿದ ಜನಾಜಾ ಹೊತ್ತು ಮನೆ ಬಿಟ್ಟಾಗಿತ್ತು. ಮುಂದೆ ಹೊತ್ತಿದ್ದ ಅವರ ತಮ್ಮ ನನ್ನನ್ನು ಕಂಡು ಪಕ್ಕಕ್ಕೆ ಸರಿದ. ನಾನು ಹೆಗಲು ಕೊಟ್ಟೆ.