ರಾಗಿ ಡಬ್ಬಿಯೊಳಗಿನ ಕಿತ್ತಳೆ ಮಾತ್ರೆ

ರಾಜಾಜಿನಗರದ ಮೆಡಿಕಲ್ ಸ್ಟೋರಿನಲ್ಲಿ ಇವತ್ತು ವಿಟಮಿನ್ ಸಿ ಮಾತ್ರೆ ಕೊಂಡೆ. ದಿನಕ್ಕೆ ಎಷ್ಟು ಎಂದು ಕೇಳಿದರೆ ಅಂಗಡಿಯವರು, "ವಿಟಮಿನ್ ತಾನೇ ಸಾರ್, ಎಷ್ಟ್ ತಗೊಂಡ್ರೂ ಏನಾಗಲ್ಲ" ಎಂದರು. ಎಂಥ ಬೇಜವಾಬ್ದಾರಿ ಮಾತು! ನನಗೆ ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಇದು ಅತಿಯಾದರೆ ಮತ್ತೆ ಕಲ್ಲಾಗಬಹುದು.

ಮನೆಗೆ ಬಂದು ಬಾಟಲಿ ತೆರೆದೆ. ಕಿತ್ತಳೆಯ ವಾಸನೆಯ ಜೊತೆಗೇ, ಚಿಕ್ಕಂದಿನಲ್ಲಿ ನಾವಿದ್ದ ಕುರುಬರಹಳ್ಳಿಯ ಒಂದೇ ಕೋಣೆಯ ಮನೆ ಮೂಗಿಗೆ ಬಡಿಯಿತು.

ಆಗ ನನ್ನ ವಸಡಿನಲ್ಲಿ ರಕ್ತ ಬರುತ್ತಿತ್ತು. ಡಾಕ್ಟರು ಇದೇ ಮಾತ್ರೆಯನ್ನು ದಿನಕ್ಕೊಂದರಂತೆ ಬರೆದುಕೊಟ್ಟಿದ್ದರು. ಅಕ್ಕನಿಗೂ ನನಗೂ ಅದು ಕಿತ್ತಳೆ ಪೆಪ್ಪರ್‌ಮೆಂಟು. ಕದಿಯುತ್ತೇವೆಂದು ಅಮ್ಮ ಅದನ್ನು ರಾಗಿ ಹಿಟ್ಟಿನ ಡಬ್ಬಿಯಲ್ಲಿ ಹೂತಿಡುತ್ತಿದ್ದಳು. ಊಟವಾದ ಮೇಲೆ ಒಂದನ್ನು ತೆಗೆದು, ಹಿಟ್ಟು ಊದಿ, ನನ್ನ ಅಂಗೈಗೆ ಇಡುತ್ತಿದ್ದಳು.

ಒಂದು ಮಧ್ಯಾಹ್ನ ನಾವಿಬ್ಬರೂ ಡಬ್ಬಿಗೆ ಕೈ ಹಾಕಿ ಎಲ್ಲವನ್ನೂ ತಿಂದು ಮುಗಿಸಿದೆವು. ಸಂಜೆಗೆ ಹೊಟ್ಟೆನೋವು, ಭೇದಿ.

"ಮಾತ್ರೆ ಕಣ್ರೋ ಅದು, ಪೆಪ್ಪರ್‌ಮೆಂಟಲ್ಲ!" ಎಂದು ಅಮ್ಮ ಗದರಿದಳು.

"ಇವನೇ ಜಾಸ್ತಿ ತಿಂದಿದ್ದು ಕಣಮ್ಮ," ಎಂದಳು ಅಕ್ಕ.

"ಮೂತಿ ತುಂಬಾ ಹಿಟ್ಟು ಮೆತ್ಕೊಂಡು ಚಾಡಿ ಬೇರೆ ಹೇಳ್ತೀಯಾ?"

ಆಮೇಲೆ ಅಮ್ಮ ಮತ್ತೆ ತಂದ ಮಾತ್ರೆಯನ್ನು ದಿನಕ್ಕೊಂದರಂತೆ ತಿಂದೇ ವಸಡು ವಾಸಿಯಾಯಿತು.

ಈಗ ಅಮ್ಮನಿಲ್ಲ, ಅಕ್ಕನೂ ಇಲ್ಲ. ಬಾಟಲಿ ಮುಚ್ಚಿ ರಾಗಿ ಡಬ್ಬಿಯೊಳಗೆ ಹೂತಿಟ್ಟೆ. ಡಾಕ್ಟರನ್ನು ಕೇಳುವವರೆಗೆ ಅಲ್ಲೇ ಇರಲಿ. ಕೈಗೆ ಮೆತ್ತಿದ ಹಿಟ್ಟನ್ನು ಊದಿಕೊಂಡಾಗ ಹೊಳೆಯಿತು: ಈ ಮನೆಯಲ್ಲಿ ಅದನ್ನು ಕದಿಯುವವರು ಯಾರೂ ಇಲ್ಲ.