ನಿನ್ನೆ ಉಂಡ ಒಲೆ

ಕಾರ್ಖಾನೆಗಳು ಬಂದವು, ಮನೆಮನೆಯ ಆದಾಯ ಏರಿತು ಅನ್ನುವವರನ್ನು ಕಂಡರೆ ನಾನು ಮೊದಲು ಕೇಳುವುದು ಒಂದೇ: ಮನೆ ಅಂದರೆ ಯಾವುದು ಸ್ವಾಮಿ? ಏರಿಲ್ಲ ಅಂತ ನಾನು ವಾದಿಸುತ್ತಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಆದಾಯ ಸಮೀಕ್ಷೆಗೆ ಆಯ್ದ ಮನೆಗಳನ್ನು ಬಡವರಿಂದ ಅನುಕೂಲಸ್ಥರವರೆಗೆ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತ ಮನೆಯ ಆದಾಯ ನೋಡಿದೆವು. ಕೆಲವು ವರ್ಷ ಬಿಟ್ಟು ಅದೇ ಮನೆಗಳಿಗೆ ಹೋಗಿ ಮತ್ತೆ ಸಾಲು ಕಟ್ಟಿದೆವು. ಎರಡು ಸುತ್ತಿನಲ್ಲೂ ಫಾರಂ ಹಿಡಿದು ಅಲೆದವರಲ್ಲಿ ನಾನೂ ಒಬ್ಬಳು. ನಡುವಿನ ಮನೆ ಮೇಲೇರಿದ್ದು ನಿಜ. ಆದರೆ ಎರಡು ಸಾಲಿನಲ್ಲೂ ಅದೇ ಜನ ನಿಂತಿದ್ದರು ಅಂದರೆ ಒಪ್ಪುವುದಿಲ್ಲ. ಒಬ್ಬಳನ್ನು ಸಾಲಿನಿಂದ ಆಚೆ ಇಟ್ಟವಳು ನಾನೇ.

ಮೊದಲ ಸುತ್ತಿನಲ್ಲಿ ನನಗೆ ಇಪ್ಪತ್ತು ವರ್ಷ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳಿಗೆ ಮನೆಯ ಕಪಾಟಿನಲ್ಲಿ ಜಾಗ ಸಾಲುತ್ತಿರಲಿಲ್ಲ. ಸೊಕ್ಕೂ ಅಷ್ಟೇ ಇತ್ತು. ನಮಗೆ ಕೊಟ್ಟ ನಿಯಮ ಸರಳ: ಒಂದೇ ಒಲೆಯ ಅಡುಗೆ ಉಣ್ಣುವವರೆಲ್ಲ ಒಂದು ಮನೆ. ಅನುಮಾನ ಬಂದರೆ, ನಿನ್ನೆ ಎಲ್ಲಿ ಊಟ ಮಾಡಿದಿರಿ ಅಂತ ಕೇಳಬೇಕು.

ಬೈರಮಂಗಲದ ಕಡೆಯ ಒಂದು ಊರಿಗೆ ನಾನು ಹೋದದ್ದು ಮಹಾಲಯ ಅಮಾವಾಸ್ಯೆಯ ಮಾರನೇ ದಿನ. ಜಗಲಿಯ ಮೇಲೆ ಕೂತ ಯಜಮಾನ, "ನಾವೆಲ್ಲ ಒಂದೇ ಮನೆ ಕಣವ್ವ. ಏಳು ಜನ, ಬರ್ಕೊ" ಅಂದ.

ಕೊಟ್ಟಿಗೆಯ ಮೂಲೆಯಿಂದ ಅವನ ತಮ್ಮನ ಹೆಂಡತಿ ಎದ್ದು ಬಂದಳು. ಗಂಡ ಸತ್ತು ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಡೆ ಕೂಲಿ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಆರು ಅಂತ ಬರ್ಕೊಳವ್ವ. ನಂದು ಬ್ಯಾರೆ ಒಲೆ ಐತೆ. ಬಂದು ನೋಡು ಬೇಕಾದ್ರೆ."

ನೋಡಿದೆ. ಮೂರು ಕಲ್ಲು, ಒಂದು ಮಡಕೆ. ಬೂದಿ ಮುಟ್ಟಿದರೆ ತಣ್ಣಗಿತ್ತು.

"ನಿನ್ನೆ ಎಲ್ಲಿ ಊಟ ಮಾಡಿದ್ರಿ ಅಕ್ಕ?"

"ನೆನ್ನೆ ಹಿರೀಕರ ಹಬ್ಬ ಅಲ್ವಾ? ನನ್ನ ಗಂಡಂಗೆ ಎಡೆ ಇಕ್ಕಿದ್ದು ದೊಡ್ಡ ಮನೇಲಿ. ಅವನ ಎಡೆ ಬುಟ್ಟು ನಾನು ಎಲ್ಲಿ ಹೋಗಿ ಉಣ್ಲಿ?"

ಎದುರಾಳಿಯ ಮಾತಿನಿಂದಲೇ ಎದುರಾಳಿಯನ್ನು ಕಟ್ಟಿಹಾಕುವುದು ನಾನು ಕಲಿತಿದ್ದ ವಿದ್ಯೆ. "ಹಾಗಾದ್ರೆ ದೊಡ್ಡ ಮನೇಲೇ ಉಂಡ್ರಿ. ನೀವೇ ಹೇಳಿದ್ರಲ್ಲ?" ಅಂದೆ. ಮೊನ್ನೆ ಎಲ್ಲಿ, ಆಚೆ ಮೊನ್ನೆ ಎಲ್ಲಿ ಅಂತ ಕೇಳಲಿಲ್ಲ.

ಯಜಮಾನ ತೊಡೆ ತಟ್ಟಿ ನಕ್ಕ. "ಲಾಯರಮ್ಮ ಕಣಪ್ಪ ಇವ್ಳು!"

ಅವಳು ನಗಲಿಲ್ಲ. ಜಮೀನು ಕಾರ್ಖಾನೆಗೆ ಹೋಗುತ್ತದೆ, ದುಡ್ಡು ಮನೆ ಲೆಕ್ಕದಲ್ಲಿ ಬರುತ್ತದೆ ಅಂತ ಊರೆಲ್ಲ ಸುದ್ದಿ. ತಾನೂ ಒಂದು ಮನೆ ಅಂತ ಎಲ್ಲಾದರೂ ಒಂದು ಕಾಗದದಲ್ಲಿ ಇರಲಿ ಅನ್ನುವುದಷ್ಟೇ ಅವಳಿಗೆ ಬೇಕಿತ್ತು. ಈ ಕಾಗದಕ್ಕೂ ಆ ದುಡ್ಡಿಗೂ ಸಂಬಂಧವಿಲ್ಲ ಅಂತ ವಿವರಿಸಿದೆ. ಅದು ಸತ್ಯವೇ.

"ಎಲ್ಲಾ ಕಾಗದದೋರೂ ಹಂಗೇ ಅಂತಾರೆ" ಅಂದು ಕೊಟ್ಟಿಗೆಗೆ ಹೋದಳು. ನಾನು ಏಳು ಅಂತ ಬರೆದೆ. ಅವಳ ಕೂಲಿ ಅವನ ಮನೆಯ ಆದಾಯಕ್ಕೆ ಸೇರಿತು. ಸಾಲಿನ ತೀರಾ ಕೆಳಗೆ ನಿಲ್ಲಬೇಕಿದ್ದ ಒಂಟಿ ಹೆಂಗಸಿನ ಮನೆಯೊಂದು ಹುಟ್ಟಲೇ ಇಲ್ಲ.

ಎರಡನೇ ಸುತ್ತಿಗೆ ಹೋದಾಗ ಜಗಲಿ ಇರಲಿಲ್ಲ. ತಾರಸಿ ಮನೆ, ಮುಂದೆ ಟೈಲ್ಸ್. ಕೊಟ್ಟಿಗೆಯಿದ್ದ ಜಾಗದಲ್ಲಿ ಕಾರ್ಖಾನೆ ಹುಡುಗರಿಗೆ ಬಾಡಿಗೆ ಕೊಟ್ಟ ಎರಡು ರೂಮು. ಬಾಗಿಲ ಮುಂದೆ ಒಣಗಲು ಹಾಕಿದ ನೀಲಿ ಅಂಗಿಗಳು. ಯಜಮಾನ ನನ್ನ ಗುರುತು ಹಿಡಿದ. "ಲಾಯರಮ್ಮ ಬಂದ್ಬುಟ್ಲು! ಕಾಫಿ ತತ್ತೀರೇನ್ರೇ" ಅಂತ ಒಳಗೆ ಕೂಗಿದ. ಬಾಡಿಗೆ ಎಷ್ಟು, ಮಗನ ಸಂಬಳ ಎಷ್ಟು, ಮುಚ್ಚುಮರೆಯಿಲ್ಲದೆ ಹೇಳಿದ. ಕೊನೆಗೆ, "ಮನೇಲಿ ಆರು ಜನ."

"ಹೋದ ಸಲ ಏಳು ಅಂದಿದ್ರಿ. ನಿಮ್ಮ ತಮ್ಮನ ಹೆಂಡತಿ?"

"ಅವ್ಳದ್ದು ಬ್ಯಾರೆ ಒಲೆ ಕಣವ್ವ. ಅವ್ಳೇ ಅಂದಿರ್ಲಿಲ್ವಾ ಆವಾಗ, ನಿನ್ನ ಮುಂದೇನೇ?"

ಅಂದಿದ್ದಳು. ಅದನ್ನು ಸುಳ್ಳು ಮಾಡಿದವಳು ನಾನು. ಜಮೀನಿನ ದುಡ್ಡು ಬಂದ ದಿನ ಆ ಮನೆಯಲ್ಲಿ ಒಲೆ ಒಂದಿತ್ತೋ ಎರಡಿತ್ತೋ ನನಗೆ ತಿಳಿಯದು. ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ. ಈಗ ಅವಳ ಒಲೆ ಎಲ್ಲೇ ಉರಿಯಲಿ, ಅದು ಮೊದಲ ಪಟ್ಟಿಯಲ್ಲಿಲ್ಲದ ಮನೆ, ಬರೆಯುವ ಹಾಗಿಲ್ಲ. ಮೊದಲ ಸಲ ಅವನ ಮನೆಯೊಳಗೆ ಕರಗಿದವಳು ಎರಡನೇ ಸಲ ಜಿಲ್ಲೆಯ ಲೆಕ್ಕದಿಂದಲೇ ಹೋದಳು. ಸಾಲು ಮಾತ್ರ ಮೇಲೇರಿತು.

ಆರು ಅಂತ ಬರೆದೆ. ಪೆನ್ನು ಮುಚ್ಚಿದೆ. ಅವನು ಕಾಫಿ ಲೋಟ ತಿರುಗಿಸುತ್ತಾ ನೀಲಿ ಅಂಗಿಗಳ ಕಡೆ ನೋಡುತ್ತಿದ್ದ. ಫಾರಂನಲ್ಲಿಲ್ಲದಿದ್ದರೂ ಕೇಳಿದೆ:

"ನಿನ್ನೆ ಆ ಅಕ್ಕ ಎಲ್ಲಿ ಉಂಡ್ರು?"