ಎರಡು-ನಾಲ್ಕರ ಹಸಿರು ಬಳೆ

ಮೊನ್ನೆಯವರೆಗೂ ನನ್ನ ಮೇಜಿನ ಮೇಲೆ, ಲ್ಯಾಪ್‌ಟಾಪಿಗೂ ಚಹಾದ ಲೋಟಕ್ಕೂ ನಡುವೆ, ಒಂದು ಹಸಿರು ಗಾಜಿನ ಬಳೆ ಇತ್ತು. ಅದು ನನ್ನದಲ್ಲ. ನಾನು ಬಳೆ ತೊಟ್ಟು ಕೀಬೋರ್ಡು ಕುಟ್ಟಿದರೆ ಮೀಟಿಂಗಿನಲ್ಲಿರುವವರಿಗೆ ಯಾರೋ ಪಾತ್ರೆ ತಿಕ್ಕುತ್ತಿರುವಂತೆ ಕೇಳಿಸುತ್ತದಂತೆ. ತಂದ ಡಜನ್ನಿನಲ್ಲಿ ಹನ್ನೊಂದನ್ನು ಅವ್ವ ಓಣಿಯ ಹುಡುಗಿಯರಿಗೆ ಹಂಚಿದಳು. ಒಂದನ್ನು ನಾನು ಕೇಳಿ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆ ಎಂಬುದನ್ನು ನಿಮಗೆ ಹೇಳಬೇಕು.

ನನ್ನ ಕೆಲಸ ತಪ್ಪು ಹುಡುಕುವುದು. ಅದಕ್ಕೆ ಸಂಬಳ ಕೊಡುತ್ತಾರೆಂದರೆ ಅವ್ವ ಇವತ್ತಿಗೂ ನಂಬುವುದಿಲ್ಲ. ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದೆಯಲ್ಲ ಎನ್ನುತ್ತಾಳೆ. ಹುಬ್ಬಳ್ಳಿಯ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಗೆ ದಾಂಡೇಲಿಯ ಅಂಬೇವಾಡಿಯ ನಮ್ಮ ಮನೆಯಲ್ಲೇ ಕುಳಿತು ದುಡಿಯುತ್ತೇನೆ. ಎಲ್ಲವನ್ನೂ ಒಮ್ಮೆಗೇ ಕಟ್ಟಿ ಮುಗಿಸದೆ, ಎರಡು ವಾರಕ್ಕೊಂದು ತುಂಡು ಕಟ್ಟಿ, ತೋರಿಸಿ, ತಿದ್ದಿಕೊಂಡು ಮುಂದೆ ಸಾಗುವ ಪದ್ಧತಿ ನಮ್ಮದು. ಅದನ್ನು ಅಜೈಲ್ ಎನ್ನುತ್ತಾರೆ. ಪ್ರತಿ ತುಂಡಿಗೂ ನಾನು ಎರಡು ಪ್ರಶ್ನೆ ಕೇಳಬೇಕು. ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದೇವೆಯೇ ಎಂಬುದು ಮೊದಲನೆಯದು, ಅದು ವೆರಿಫಿಕೇಶನ್. ಹೇಳಿದ್ದು ನಿಜಕ್ಕೂ ಬೇಕಾದದ್ದೇ ಆಗಿತ್ತೇ ಎಂಬುದು ಎರಡನೆಯದು, ವ್ಯಾಲಿಡೇಶನ್. ಮೊದಲನೆಯದಕ್ಕೆ ಕುರ್ಚಿ ಸಾಕು; ಎರಡನೆಯದಕ್ಕೆ ಕುರ್ಚಿ ಬಿಟ್ಟು ಏಳಬೇಕು. ನಾನೋ ಕುರ್ಚಿಯನ್ನು ಬಹಳ ಪ್ರೀತಿಸಿದವಳು.

ಹೋದ ವರ್ಷ ನಮ್ಮ ಕೈಗೆ ಬಂದದ್ದು ಆಶಾ ಕಾರ್ಯಕರ್ತೆಯರಿಗೊಂದು ಆ್ಯಪ್. ಬಸುರಿಯರ ವಿವರ ತುಂಬಿದರೆ, ರಕ್ತದೊತ್ತಡ ಏರಿದವರ ಹೆಸರಿಗೆ ಕೆಂಪು ಗುರುತು ಬಿದ್ದು, ಅವರನ್ನು ವಾರವಾರವೂ ನೋಡಿ ಬರಲು ಆ ಊರಿನ ಆಶಾಳ ಫೋನು ನೆನಪು ಮಾಡಬೇಕು. ಏನೇನು ತುಂಬಬೇಕೆಂದು ತಿಳಿಯಲು ನಮ್ಮ ಓಣಿಯ ಆಶಾ ಕಮಲಕ್ಕನ ಹಳೆಯ ಪುಸ್ತಕದ ಫೋಟೋ ತೆಗೆದು ಕಳಿಸಿದವಳು ನಾನೇ. ಅಚ್ಚಾದ ಕಾಲಮ್ಮಿನ ಮನೆಗಳ ಆಚೆ, ಹಾಳೆಯ ಅಂಚಿನಲ್ಲಿ, ಕಮಲಕ್ಕ ನೀಲಿ ಪೆನ್ನಿನಲ್ಲಿ ತಾನೇ ಸೊಟ್ಟಗೆ ಒಂದು ಗೆರೆ ಎಳೆದು ಏನೋ ಬರೆದುಕೊಂಡಿದ್ದಳು. ಫೋಟೋ ಅಂದವಾಗಿ ಕಾಣಲೆಂದು ಆ ಅಂಚನ್ನು ಕತ್ತರಿಸಿ ಕಳಿಸಿದೆ. ಗೆರೆಯ ಮೇಲೆ ಬರೆದದ್ದನ್ನು ಓದುವ ವ್ಯವಧಾನವೂ ನನಗಿರಲಿಲ್ಲ.

ಆ್ಯಪ್ ಸಿದ್ಧವಾಯಿತು. ಪರೀಕ್ಷೆ ಮಾಡಿ ನೋಡಿದಾಗ, ಕೆಂಪು ಗುರುತು ಬಿದ್ದ ಏಳನೆಯ ದಿನ ಫೋನು ಗಂಟೆ ಬಾರಿಸಿತು. ಎಲ್ಲ ಪರೀಕ್ಷೆಗಳ ಎದುರಿಗೂ ನಾನು ಹಸಿರು ಗುರುತು ಹಾಕಿದೆ. ಇನ್ನು ಪುಸ್ತಕ ಬೇಡವೆಂದು ಕಮಲಕ್ಕನಿಗೆ ಹೇಳಿಬಂದವಳೂ ನಾನೇ.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ನನ್ನ ತಮ್ಮನ ಹೆಂಡತಿ ಸಾವಿತ್ರಿಗೆ ಏಳು ತುಂಬುತ್ತಿತ್ತು. ಅವಳ ತವರು ಮುಂಡಗೋಡದ ಕಡೆಯ ಒಂದು ಹಳ್ಳಿ. ಅಲ್ಲಿಂದ ಸೀರೆ, ಉಡಿಯಕ್ಕಿ, ಬುತ್ತಿ ಹೊತ್ತು ಬೀಗರು ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಂದರು. ಬಳೆ ನನ್ನ ಪಾಲಿನ ಕೆಲಸ. ಅವಳ ಅಳತೆ ಎರಡು-ನಾಲ್ಕು ಎಂದು ಗೊತ್ತಿತ್ತು. ಹಳಿಯಾಳದ ಪೇಟೆಯಲ್ಲಿ ನಂಬರು ಹೇಳಿ ಡಜನ್ನು ಹಸಿರು ಬಳೆ ತಂದೆ. ತೊಡಿಸಲು ಬಂದ ಬಳೆಗಾರ್ತಿ ನೀಲಮ್ಮ ಸಾವಿತ್ರಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಗೆಣ್ಣುಗಳನ್ನು ಮೆತ್ತಗೆ ಒತ್ತಿ, ಬಳೆಯನ್ನು ಏರಿಸಲು ನೋಡಿದಳು. ಏರಲಿಲ್ಲ. ನಾನು ಒಳಗೆ ಓಡಿ ಸಾವಿತ್ರಿಯ ಹಳೆಯ ಬಳೆಯೊಂದನ್ನು ತಂದು ಹೊಸದರ ಮೇಲಿಟ್ಟು ತೋರಿಸಿದೆ. ಎರಡೂ ಸರಿಸಮ.

“ನೋಡ್ರಿ ನೀಲಮ್ಮಾರ, ಅಳತಿ ಸರಿ ಐತಿ.”

“ಬಳಿ ಸರಿ ಐತ್ರಿ ಅಕ್ಕಾರ, ಯಾರ್ ಇಲ್ಲ ಅಂದಾರ? ಕೈ ನೋಡ್ರಿ. ಬಾತೈತಿ. ಮೊದ್ಲ ಕಮಲಕ್ಕಗ ತೋರಸ್ರಿ.”

ನೀಲಮ್ಮ ತನ್ನ ಬುಟ್ಟಿಯಿಂದ ದೊಡ್ಡ ಬಳೆ ತೆಗೆದು ತೊಡಿಸಿ ಶಾಸ್ತ್ರ ಮುಗಿಸಿದಳು. ಸಂಜೆಗೆ ಕಮಲಕ್ಕ ಬಂದು ನೋಡಿದರೆ ಒತ್ತಡ ಏರಿತ್ತು. ಡಾಕ್ಟರು ಗುಳಿಗೆ ಕೊಟ್ಟು, ವಾರಕ್ಕೊಮ್ಮೆ ತಪ್ಪದೆ ನೋಡಬೇಕು, ಇದು ಇನ್ನೂ ಏರಿದರೆ ತಾಯಿಗೂ ಕೂಸಿಗೂ ಅಪಾಯ ಎಂದರು. ನನ್ನದೇ ಆ್ಯಪಿನಲ್ಲಿ ಸಾವಿತ್ರಿಯ ಹೆಸರಿಗೆ ಕೆಂಪು ಗುರುತು ಬಿತ್ತು. ಭಯವಾಯಿತು, ಆದರೆ, ಸುಳ್ಳು ಯಾಕೆ ಹೇಳಲಿ, ಭಯದ ಬೆನ್ನಿಗೇ ಸಣ್ಣದೊಂದು ಹೆಮ್ಮೆಯೂ ಆಯಿತು. ಚೊಚ್ಚಲ ಬಾಣಂತನ ತವರಿನದು ತಾನೆ, ವಿಶ್ರಾಂತಿಯೂ ಅಲ್ಲೇ ಸಿಕ್ಕೀತೆಂದು ಹಿರಿಯರು ಮಾತಾಡಿಕೊಂಡು ಮರುದಿನ ಅವಳನ್ನು ಕರೆದೊಯ್ದರು.

ಎಂಟನೆಯ ದಿನ ಬೆಳಿಗ್ಗೆ ಕಮಲಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಆ ಹಳೆಯ ಪುಸ್ತಕ.

“ನಿನ್ನೆಯಿಂದ ಫೋನ್ ಹೊಡ್ಕೊಳ್ಳಾಕತ್ತೈತಿ, ಸಾವಿತ್ರಿನ್ನ ನೋಡಿ ಬಾ ಅಂತ. ಎಲ್ಲದಾಳ?”

“ತವರಿಗೆ ಹೋಗ್ಯಾಳ್ರೀ. ಆದ್ರ ನೋಡ್ರಿ, ಗಂಟಿ ಬರೋಬ್ಬರಿ ಏಳನೇ ದಿನಕ್ಕ ಬಂತಲ್ಲ!”

ಕಮಲಕ್ಕ ನನ್ನ ಮುಖವನ್ನೇ ನೋಡಿದಳು. “ಬಂತು ತಂಗಿ. ನನಗ ಬಂತು. ಆಕಿ ಇರೂ ಊರಿನ ಆಶಾಗ ಯಾರ್ ಹೇಳ್ಬೇಕು? ಫೋನಿನ್ಯಾಗ ಬರಿಯಾಕ ಜಾಗಾನ ಇಲ್ಲ. ಪುಸ್ತಕ ಬ್ಯಾಡ ಅಂದಿ, ನಾ ಬಿಟ್ಟೆ.”

ಪುಸ್ತಕ ತೆರೆದು ಅವಳು ತೋರಿಸಿದ ಆ ಸೊಟ್ಟ ಗೆರೆಯ ತಲೆಯ ಮೇಲೆ ‘ತವರು’ ಎಂದು ಬರೆದಿತ್ತು. ಕೆಳಗೆ ಸಾಲಾಗಿ ಊರುಗಳು, ಪ್ರತಿ ಊರಿನ ಪಕ್ಕ ಅಲ್ಲಿಯ ಆಶಾಳ ಫೋನ್ ನಂಬರು. ಏಳು ತುಂಬಿ ಕುಬಸವಾದೊಡನೆ ಅವಳು ಒಂದು ಫೋನು ಮಾಡುತ್ತಿದ್ದಳು: ನಮ್ಮ ಹುಡುಗಿ ನಿಮ್ಮೂರಿಗೆ ಬರುತ್ತಿದ್ದಾಳೆ, ನೋಡಿಕೊಳ್ಳಿ ಎಂದು. ಅಷ್ಟೇ ಅವಳ ಪದ್ಧತಿ. ಅದನ್ನೇ ನಾನು ಅಂದಕ್ಕಾಗಿ ಕತ್ತರಿಸಿ ಒಗೆದಿದ್ದೆ. ನಾನೂ ನನ್ನ ಅವ್ವನ ತವರಲ್ಲೇ ಹುಟ್ಟಿದವಳು. ನನ್ನ ಕಣ್ಣಿಗೇ ಅದು ಬೀಳಲಿಲ್ಲ.

ಕಮಲಕ್ಕ ಅಲ್ಲೇ ಕಟ್ಟೆಯ ಮೇಲೆ ಕುಳಿತು, ಪುಸ್ತಕದಲ್ಲಿ ಹುಡುಕಿ, ಆ ಹಳ್ಳಿಯ ಆಶಾಗೆ ಫೋನು ಹಚ್ಚಿದಳು. ಇಂಥವಳೊಬ್ಬಳು ಬಂದಿದ್ದಾಳೆಂಬ ಸುದ್ದಿಯೇ ಆಕೆಗಿರಲಿಲ್ಲ. ಆಕೆ ಹೋಗಿ ನೋಡುವಷ್ಟರಲ್ಲಿ ಸಾವಿತ್ರಿ ಎರಡು ದಿನದ ತಲೆನೋವನ್ನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡು ಮಲಗಿದ್ದಳಂತೆ. ಒತ್ತಡ ಮತ್ತಷ್ಟು ಏರಿದ್ದರಿಂದ ಮಧ್ಯಾಹ್ನವೇ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಸಾಗಿಸಿದರು. ಆ ದಿನ ನಾನು ತಮ್ಮನ ಮುಖ ನೋಡಲಾರದೆ ಹಿತ್ತಲಲ್ಲಿ ಕುಳಿತು ಅತ್ತೆ. ಅವ್ವ ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು.

ಮೂರು ವಾರ ದವಾಖಾನೆಯಲ್ಲಿಟ್ಟುಕೊಂಡರು. ದಿನ ತುಂಬುವ ಮುಂಚೆಯೇ ಹೆಣ್ಣುಕೂಸು ಹುಟ್ಟಿತು. ಅಂಗೈಯಗಲದ ಜೀವ, ಆದರೆ ಧ್ವನಿ ಮಾತ್ರ ದೊಡ್ಡದು. ತಾಯಿ-ಮಗಳು ಇಬ್ಬರೂ ಉಳಿದರು.

ಮುಂದಿನ ಮೀಟಿಂಗಿನಲ್ಲಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಪ್ರೋಗ್ರಾಂ ಬರೆದ ಹುಡುಗ ಪಾಪದವನು, “ಇಲ್ರೀ ಮೇಡಂ, ಬರದ್ದೆಲ್ಲ ಪಾಸ್ ಆಗೈತ್ರೀ” ಎಂದು ನನ್ನನ್ನೇ ಸಮಾಧಾನ ಮಾಡಿದ. ಹೌದು, ಬರೆದದ್ದೆಲ್ಲ ಪಾಸಾಗಿತ್ತು. ಬರೆಯದೆ ಬಿಟ್ಟದ್ದನ್ನು ಪರೀಕ್ಷಿಸುವುದು ಹೇಗೆಂದು ಆಮೇಲೆ ಕಲಿತೆ: ಕಮಲಕ್ಕನ ಕೈಗೆ ಫೋನು ಕೊಟ್ಟು ಬಾಯಿ ಮುಚ್ಚಿಕೊಂಡು ಕೂರುವುದು. ಬಾಯಿ ಮುಚ್ಚುವುದು ನನ್ನಂಥವಳಿಗೆ ಎಷ್ಟು ಕಷ್ಟವೆಂದು ನನ್ನನ್ನು ಬಲ್ಲವರು ಬಲ್ಲರು. ಅವಳ ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ನಮ್ಮ ಕೆಲಸವಿದೆ. ಈಗ ಆ್ಯಪಿನಲ್ಲಿ ‘ಈಗ ಎಲ್ಲಿದ್ದಾಳೆ?’ ಎಂಬ ಮನೆಯೊಂದಿದೆ. ಊರು ಬದಲಾದರೆ ಗಂಟೆ ಅಲ್ಲಿ ಬಾರಿಸುತ್ತದೆ. ಅದನ್ನು ತೋರಿಸಲು ಜೊಯಿಡಾಕ್ಕೂ ಹೋಗಿಬಂದೆ. ಇದ್ದ ಒಂದು ಬಸ್ಸು ತಪ್ಪಿದ್ದರಿಂದ ಅಲ್ಲಿಯ ಆಶಾಗಳ ಜೊತೆ ಇನ್ನೂ ಎರಡು ತಾಸು ಕೂರಬೇಕಾಯಿತು. ನೆಟ್‌ವರ್ಕ್ ಸಿಗದ ಹಾಡಿಗಳಲ್ಲಿ ಗಂಟೆ ಹೇಗೆ ಬಾರಿಸೀತೆಂದು ಅವರು ಕೇಳಿದ್ದು ಆ ಎರಡು ತಾಸಿನಲ್ಲೇ. ಉತ್ತರ ಇನ್ನೂ ಹುಡುಕುತ್ತಿದ್ದೇವೆ.

ಮೊನ್ನೆ ಸಾವಿತ್ರಿ ಕೂಸನ್ನೆತ್ತಿಕೊಂಡು ಮನೆಗೆ ಬಂದಳು. ಮೇಜಿನ ಮೇಲಿನ ಬಳೆ ಕಂಡು, “ಇದು ನಂದಲ್ರೀ ಅಕ್ಕಾರ? ಹಾಕ್ರಿ” ಎಂದು ಕೈ ಚಾಚಿದಳು. ನಾನು ಬಳೆ ಎತ್ತಿಕೊಳ್ಳಲಿಲ್ಲ. ಮೊದಲು ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು ಗೆಣ್ಣುಗಳನ್ನು ಒತ್ತಿ ನೋಡಿದೆ. ಬಾವು ಇಳಿದಿತ್ತು, ಕೈ ಬೆಚ್ಚಗಿತ್ತು. ಬಳೆ ಒಂದೇ ಸಲಕ್ಕೆ ಏರಿತು. “ಯಾಕ ಅಳ್ತೀರಿ?” ಎಂದಳು ಸಾವಿತ್ರಿ.

ಈಗ ಇದನ್ನು ಬರೆಯುವಾಗ ಅದೇ ಬಳೆ ಪಕ್ಕದ ಕೋಣೆಯಲ್ಲಿ ತೊಟ್ಟಿಲು ತೂಗುತ್ತ ಸಣ್ಣಗೆ ಸದ್ದು ಮಾಡುತ್ತಿದೆ. ನನ್ನ ಪರದೆಯ ತುಂಬ ಹಸಿರು ಗುರುತುಗಳಿವೆ, ಎಲ್ಲವೂ ಪಾಸು. ಇಷ್ಟು ಬರೆದು ಲ್ಯಾಪ್‌ಟಾಪು ಮುಚ್ಚಿ ಚಪ್ಪಲಿ ಮೆಟ್ಟುತ್ತೇನೆ. ಕಮಲಕ್ಕನ ಮನೆಗೆ ಹೋಗಿಬರಬೇಕು.